ಪಿಸಿಓಎಸ್ ಇದ್ದವರು ಗರ್ಭ ಧರಿಸಲು ಆಕ್ಯುಪಂಕ್ಚರ್ ಮತ್ತು ಕರುಳಿನ ಆರೈಕೆ ನೆರವಾಗುತ್ತವೆಯೇ?

ಪಿಸಿಓಎಸ್ ಇದ್ದು ಮಗುವಿಗಾಗಿ ಪ್ರಯತ್ನಿಸುತ್ತಿರುವ ಹೆಣ್ಣುಮಕ್ಕಳಿಗೆ ಸಲಹೆಗಳ ಬರವಿಲ್ಲ. ಅತ್ತೆ, ಅಕ್ಕ, ಆಫೀಸಿನ ಗೆಳತಿ, ಕೊನೆಗೆ ಮೊಬೈಲ್ ಕೂಡ ಏನಾದರೊಂದು ಹೇಳುತ್ತದೆ. ಇತ್ತೀಚೆಗೆ ಎರಡು ಸಲಹೆಗಳು ಜೋಡಿಯಾಗಿ ಬರುತ್ತಿವೆ. ಒಂದು, ವಾರಕ್ಕೆರಡು ಬಾರಿ ಆಕ್ಯುಪಂಕ್ಚರ್ ಮಾಡಿಸಿದರೆ ಅಂಡಾಣು ತಾನಾಗಿ ಬಿಡುಗಡೆಯಾಗುತ್ತದೆ ಎಂಬುದು. ಇನ್ನೊಂದು, ಪಿಸಿಓಎಸ್‌ನ ಮೂಲ ಇರುವುದೇ ಕರುಳಿನಲ್ಲಿ, ಹೊಟ್ಟೆ ಸರಿಹೋದರೆ ಗರ್ಭ ತಾನೇ ನಿಲ್ಲುತ್ತದೆ ಎಂಬುದು. ಎರಡನ್ನೂ ಸೇರಿಸಿ ‘ಸೂಜಿ ಕರುಳನ್ನು ಸರಿಮಾಡುತ್ತದೆ, ಕರುಳು ಅಂಡಾಶಯವನ್ನು ಸರಿಮಾಡುತ್ತದೆ’ ಎನ್ನುವವರೂ ಇದ್ದಾರೆ.

ಇವುಗಳನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕಲು ಬರುವುದಿಲ್ಲ. ಎರಡರ ಹಿಂದೆಯೂ ನಿಜವಾದ ಸಂಶೋಧನೆ ಇದೆ. ಆ ಸಂಶೋಧನೆ ಏನು ಹೇಳಿತು, ಅದು ನಮ್ಮ ಮೊಬೈಲಿಗೆ ಬರುವಷ್ಟರಲ್ಲಿ ಏನಾಯಿತು ಎಂಬುದನ್ನು ನಾವು ಇಲ್ಲಿ ನೋಡೋಣ.

ಮೊದಲು, ಪಿಸಿಓಎಸ್ ಎಂದರೆ ಏನು?

ಹೆಸರೇ ದಾರಿ ತಪ್ಪಿಸುತ್ತದೆ. ಪಾಲಿಸಿಸ್ಟಿಕ್ ಎಂದ ಕೂಡಲೇ ಅಂಡಾಶಯದ ತುಂಬ ಗಡ್ಡೆಗಳಿವೆ, ಅವನ್ನು ಕರಗಿಸಬೇಕು ಎಂದು ಹಲವರು ಹೆದರುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಕಾಣುವ ಆ ಸಣ್ಣ ಚುಕ್ಕೆಗಳು ಗಡ್ಡೆಗಳಲ್ಲ. ಪೂರ್ತಿ ಬಲಿಯದೆ ಅರ್ಧದಲ್ಲೇ ನಿಂತ ಅಂಡಾಣು ಕೋಶಿಕೆಗಳು. ಅವನ್ನು ‘ಕರಗಿಸುವ’ ಅಗತ್ಯವೂ ಇಲ್ಲ.

ಅನಿಯಮಿತ ಮುಟ್ಟು, ಗಂಡು ಹಾರ್ಮೋನುಗಳ ಹೆಚ್ಚಳ, ಸ್ಕ್ಯಾನಿಂಗ್‌ನಲ್ಲಿ ಕಾಣುವ ಬಹುಕೋಶಿಕೆಗಳು. ಈ ಮೂರರಲ್ಲಿ ಎರಡಿದ್ದು, ಥೈರಾಯ್ಡ್‌ನಂತಹ ಬೇರೆ ಕಾರಣಗಳಿಲ್ಲ ಎಂದು ಖಚಿತವಾದರೆ ವೈದ್ಯರು ಪಿಸಿಓಎಸ್ ಎನ್ನುತ್ತಾರೆ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ 100 ಮಹಿಳೆಯರಲ್ಲಿ 10ರಿಂದ 13 ಜನರಿಗೆ ಇದು ಇರುತ್ತದೆ. ಇವರಲ್ಲಿ ಬಹಳ ಜನರ ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದನ್ನು ಸರಿದೂಗಿಸಲು ದೇಹ ಇನ್ನಷ್ಟು ಇನ್ಸುಲಿನ್ ತಯಾರಿಸುತ್ತದೆ. ಹೆಚ್ಚಾದ ಇನ್ಸುಲಿನ್ ಅಂಡಾಶಯವನ್ನು ಕೆರಳಿಸಿ ಗಂಡು ಹಾರ್ಮೋನು ಹೆಚ್ಚು ಉತ್ಪಾದಿಸುವಂತೆ ಮಾಡುತ್ತದೆ. ಅದರಿಂದ ಕೋಶಿಕೆಗಳು ಬಲಿಯುವುದು ನಿಧಾನವಾಗುತ್ತದೆ, ಅಂಡಾಣು ಬಿಡುಗಡೆ ತಪ್ಪುತ್ತದೆ. ಗರ್ಭ ಧರಿಸಲು ತೊಂದರೆಯಾಗುವುದು ಮುಖ್ಯವಾಗಿ ಇಲ್ಲಿ.

ಅಂಡಾಣು ಬಿಡುಗಡೆ ‘ತಪ್ಪುತ್ತದೆ’ ಎಂದೆವು, ‘ನಿಂತೇ ಹೋಗುತ್ತದೆ’ ಎನ್ನಲಿಲ್ಲ. ಈ ವ್ಯತ್ಯಾಸವನ್ನು ನೆನಪಿಡಿ. ಮುಂದೆ ಇದೇ ಬೇಕಾಗುತ್ತದೆ.

ಆಕ್ಯುಪಂಕ್ಚರ್ ಮೇಲೆ ಭರವಸೆ ಬಂದದ್ದು ಎಲ್ಲಿಂದ?

ಆಕ್ಯುಪಂಕ್ಚರ್ ಚೀನಾದ್ದು. ಆದರೆ ಪಿಸಿಓಎಸ್‌ಗೆ ಅದನ್ನು ಬಳಸುವ ಆಧುನಿಕ ಸಂಶೋಧನೆಯ ದೊಡ್ಡ ಪಾಲು ನಡೆದದ್ದು ಸ್ವೀಡನ್‌ನಲ್ಲಿ. ಎಲಿಸಬೆತ್ ಸ್ಟೆನರ್-ವಿಕ್ಟೋರಿನ್ ಎಂಬ ವಿಜ್ಞಾನಿ ಮತ್ತು ಅವರ ತಂಡದವರು 2000ದಲ್ಲಿ ಪಿಸಿಓಎಸ್ ಇದ್ದ 24 ಮಹಿಳೆಯರಿಗೆ ಸೂಜಿಯ ಮೂಲಕ ಸಣ್ಣ ವಿದ್ಯುತ್ ಹಾಯಿಸುವ ಎಲೆಕ್ಟ್ರೋ-ಆಕ್ಯುಪಂಕ್ಚರ್ ಮಾಡಿ, ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನರಲ್ಲಿ ಅಂಡಾಣು ಬಿಡುಗಡೆ ಸುಧಾರಿಸಿತು ಎಂದು ವರದಿ ಮಾಡಿದರು. ಇಲಿಗಳ ಮೇಲೂ ಸರಣಿ ಪ್ರಯೋಗಗಳು ನಡೆದವು. ಸೂಜಿಯ ಪ್ರಚೋದನೆ ಅಂಡಾಶಯಕ್ಕೆ ಹೋಗುವ ನರಗಳ ಅತಿಚಟುವಟಿಕೆಯನ್ನು ತಗ್ಗಿಸಬಹುದು ಎಂಬುದು ಅವರ ವಿವರಣೆ. ಅಸಂಬದ್ಧವಾದ ಊಹೆಯೇನಲ್ಲ.

ಆದರೆ ಆ 24 ಮಹಿಳೆಯರ ಅಧ್ಯಯನದಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪೇ ಇರಲಿಲ್ಲ. ಸೂಜಿ ಚುಚ್ಚದಿದ್ದರೂ ಅಷ್ಟೇ ಜನರಲ್ಲಿ ಸುಧಾರಣೆ ಆಗುತ್ತಿತ್ತೇ? ಅದಕ್ಕೆ ಆ ಅಧ್ಯಯನದಲ್ಲಿ ಉತ್ತರವಿಲ್ಲ.

ಸಾವಿರ ಮಹಿಳೆಯರ ಪರೀಕ್ಷೆ

ಉತ್ತರ ಬಂದದ್ದು ಚೀನಾದಿಂದ, 2017ರಲ್ಲಿ. ಜಾಮಾ ಎಂಬ ಅಮೆರಿಕದ ವೈದ್ಯಕೀಯ ನಿಯತಕಾಲಿಕೆಯಲ್ಲಿ ಪ್ರಕಟವಾದ ಈ ಅಧ್ಯಯನ ಚೀನಾದ 21 ಕೇಂದ್ರಗಳಲ್ಲಿ, ಪಿಸಿಓಎಸ್ ಇದ್ದ 1,000 ಮಹಿಳೆಯರ ಮೇಲೆ ನಡೆಯಿತು. ಮುನ್ನಡೆಸಿದವರು ಚೀನಾದ ವೂ ಷಿಯಾವ್‌ಕೆ. ಲೇಖಕರ ಪಟ್ಟಿಯಲ್ಲಿ ಸ್ವೀಡನ್‌ನ ಸ್ಟೆನರ್-ವಿಕ್ಟೋರಿನ್ ಅವರ ಹೆಸರೂ ಇದೆ. ಅಂದರೆ ಇದು ಆಕ್ಯುಪಂಕ್ಚರ್ ವಿರೋಧಿಗಳು ಮಾಡಿದ ಪರೀಕ್ಷೆಯಲ್ಲ. ಆಕ್ಯುಪಂಕ್ಚರ್ ಹುಟ್ಟಿದ ನಾಡಿನಲ್ಲಿ, ಅದರ ಮೇಲೆ ವಿಶ್ವಾಸವಿದ್ದವರೇ ಮಾಡಿದ್ದು.

ಮಹಿಳೆಯರನ್ನು ನಾಲ್ಕು ಗುಂಪುಗಳಾಗಿ ಚೀಟಿ ಎತ್ತಿದಂತೆ ಹಂಚಲಾಯಿತು. ಮೊದಲ ಗುಂಪಿಗೆ ನಿಜವಾದ ಆಕ್ಯುಪಂಕ್ಚರ್ ಜೊತೆಗೆ ಕ್ಲೋಮಿಫೀನ್ ಮಾತ್ರೆ. ಇದು ಅಂಡಾಣು ಬಿಡುಗಡೆಗೆ ದಶಕಗಳಿಂದ ಬಳಸುತ್ತಿರುವ ಔಷಧ. ಎರಡನೆಯ ಗುಂಪಿಗೆ ತೋರಿಕೆಯ ಆಕ್ಯುಪಂಕ್ಚರ್ ಜೊತೆಗೆ ಅದೇ ಮಾತ್ರೆ. ಮೂರನೆಯ ಗುಂಪಿಗೆ ನಿಜವಾದ ಆಕ್ಯುಪಂಕ್ಚರ್, ಆದರೆ ಮಾತ್ರೆಯಲ್ಲಿ ಔಷಧವಿಲ್ಲ. ನಾಲ್ಕನೆಯದಕ್ಕೆ ಎರಡೂ ತೋರಿಕೆಯವೇ. ತೋರಿಕೆಯ ಆಕ್ಯುಪಂಕ್ಚರ್ ಎಂದರೆ ಭುಜ ಮತ್ತು ತೋಳಿನಲ್ಲಿ, ಆಕ್ಯುಪಂಕ್ಚರ್ ಬಿಂದುಗಳಲ್ಲದ ಕಡೆ, ಸೂಜಿಯನ್ನು ಮೇಲಷ್ಟೇ ಚುಚ್ಚಿ, ತಂತಿ ಜೋಡಿಸಿದರೂ ವಿದ್ಯುತ್ ಹರಿಸದೆ ಬಿಡುವುದು. ವಾರಕ್ಕೆ ಎರಡು ಬಾರಿ, ಪ್ರತಿ ಬಾರಿ 30 ನಿಮಿಷ, ಹೆಚ್ಚೆಂದರೆ 32 ಬಾರಿ. ಲೆಕ್ಕ ಹಾಕಿದ್ದು ಬರೀ ಹಾರ್ಮೋನು ಮಟ್ಟವನ್ನಲ್ಲ, ಕೈಗೆ ಮಗು ಬಂತೇ ಎಂಬುದನ್ನು.

ಮೊದಲ ಗುಂಪಿನಲ್ಲಿ ಶೇ 29.4 ಮಹಿಳೆಯರಿಗೆ ಮಗು ಹುಟ್ಟಿತು. ಎರಡನೆಯದರಲ್ಲಿ ಶೇ 28. ಔಷಧವಿಲ್ಲದೆ ನಿಜವಾದ ಆಕ್ಯುಪಂಕ್ಚರ್ ಮಾತ್ರ ಪಡೆದವರಲ್ಲಿ ಶೇ 13.9, ಎರಡೂ ತೋರಿಕೆಯವೇ ಆಗಿದ್ದ ಗುಂಪಿನಲ್ಲಿ ಶೇ 16.8. ಈ ಸಣ್ಣ ವ್ಯತ್ಯಾಸಗಳನ್ನು ನೋಡಿ ಆಕ್ಯುಪಂಕ್ಚರ್‌ನಿಂದ ಲಾಭ ಅಥವಾ ನಷ್ಟ ಎಂದು ಹೇಳಲಾಗದು. ಅವು ಆಕಸ್ಮಿಕವಾಗಿ ಬರುವಷ್ಟೇ ಇವೆ. ಆದರೆ ಔಷಧ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿದರೆ ಶೇ 28.7 ಎದುರು ಶೇ 15.4. ವ್ಯತ್ಯಾಸ ತಂದದ್ದು ಮಾತ್ರೆ. ಸೂಜಿ ಎಲ್ಲಿ, ಎಷ್ಟು ಆಳಕ್ಕೆ ಚುಚ್ಚಿದರು ಎಂಬುದರಿಂದ ಏನೂ ಬದಲಾಗಲಿಲ್ಲ.

ಒಂದು ಆಕ್ಷೇಪಣೆ ಇದೆ. ತೋರಿಕೆಯ ಸೂಜಿಯೂ ಸೂಜಿಯೇ ತಾನೇ, ಅದೂ ದೇಹದ ಮೇಲೆ ಸ್ವಲ್ಪ ಪರಿಣಾಮ ಬೀರಿರಬಹುದಲ್ಲ ಎಂದು ಕೆಲವರು ವಾದಿಸುತ್ತಾರೆ. ಇರಬಹುದು. ಆದರೆ ಹಾಗೆಂದು ಒಪ್ಪಿದರೆ ಬಿಂದುಗಳ ಶಾಸ್ತ್ರ, ವಿದ್ಯುತ್ತಿನ ಲೆಕ್ಕ, ಚಿಕಿತ್ಸಕರ ವಿಶೇಷ ತರಬೇತಿ ಎಲ್ಲವೂ ಅನಗತ್ಯ ಎಂದೂ ಒಪ್ಪಬೇಕಾಗುತ್ತದೆ. ಆ ವಾದ ಆಕ್ಯುಪಂಕ್ಚರ್‌ಗೆ ಹೆಚ್ಚು ಸಹಾಯ ಮಾಡುವುದಿಲ್ಲ ಎಂದು ನಮಗೆ ಅನ್ನಿಸುತ್ತದೆ.

ಐವಿಎಫ್ ಮಾಡಿಸಿಕೊಳ್ಳುವವರ ಕಥೆಯೂ ಇದೇ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ 848 ಮಹಿಳೆಯರ ಅಧ್ಯಯನ 2018ರಲ್ಲಿ ಅದೇ ಜಾಮಾದಲ್ಲಿ ಬಂತು. ಇವರೆಲ್ಲರೂ ಪಿಸಿಓಎಸ್ ಇದ್ದವರಲ್ಲ. ಮಗು ಹುಟ್ಟಿದ ಪ್ರಮಾಣ ಆಕ್ಯುಪಂಕ್ಚರ್ ಪಡೆದವರಲ್ಲಿ ಶೇ 18.3, ತೋರಿಕೆಯದನ್ನು ಪಡೆದವರಲ್ಲಿ ಶೇ 17.8. ಪಿಸಿಓಎಸ್ ಕುರಿತ ಎಲ್ಲ ಪರೀಕ್ಷೆಗಳನ್ನೂ ಒಟ್ಟಿಗೆ ತೂಗಿದ ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆಯೂ ಮಗು ಹುಟ್ಟುವ ಸಾಧ್ಯತೆಯನ್ನು ಆಕ್ಯುಪಂಕ್ಚರ್ ಹೆಚ್ಚಿಸುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದಿತು.

ಹಾಗಾದರೆ ಗೆಳತಿಗೆ ಮಗುವಾದದ್ದು ಹೇಗೆ?

‘ನನ್ನ ಪರಿಚಯದವರಿಗೆ ಆಕ್ಯುಪಂಕ್ಚರ್ ಮಾಡಿಸಿದ ಮೂರೇ ತಿಂಗಳಲ್ಲಿ ನಿಂತಿತು’ ಎಂಬ ಮಾತು ಸುಳ್ಳಿರಬೇಕಾಗಿಲ್ಲ. ಚೀನಾದ ಅದೇ ಅಧ್ಯಯನಕ್ಕೆ ಮರಳೋಣ. ಎರಡೂ ತೋರಿಕೆಯ ಚಿಕಿತ್ಸೆ ಪಡೆದ 232 ಮಹಿಳೆಯರಲ್ಲಿ 39 ಜನರಿಗೆ ಮಗು ಹುಟ್ಟಿತು. ಹೆಚ್ಚುಕಡಿಮೆ ಆರರಲ್ಲಿ ಒಬ್ಬರು. ಇವರಲ್ಲಿ ಪ್ರತಿಯೊಬ್ಬರೂ ‘ನನಗೆ ಸೂಜಿಯಿಂದಲೇ ಆಯಿತು’ ಎಂದು ಪ್ರಾಮಾಣಿಕವಾಗಿ ಹೇಳಬಹುದಿತ್ತು.

ಪಿಸಿಓಎಸ್ ಇದ್ದವರಲ್ಲಿ ಅಂಡಾಣು ಬಿಡುಗಡೆ ಪೂರ್ತಿ ನಿಲ್ಲುವುದು ಕಡಿಮೆ. ಎರಡು ತಿಂಗಳಿಗೊಮ್ಮೆಯೋ ನಾಲ್ಕು ತಿಂಗಳಿಗೊಮ್ಮೆಯೋ ಆಗುತ್ತಿರುತ್ತದೆ, ಯಾವಾಗ ಎಂದು ಗೊತ್ತಾಗುವುದಿಲ್ಲ ಅಷ್ಟೆ. ಹಾಗಾಗಿ ನಾಲ್ಕು ತಿಂಗಳು ಏನನ್ನು ಮಾಡಿದರೂ, ಅಥವಾ ಏನನ್ನೂ ಮಾಡದಿದ್ದರೂ, ಕೆಲವರು ಗರ್ಭಿಣಿಯರಾಗುತ್ತಾರೆ. ಆ ಆರರಲ್ಲಿ ಒಬ್ಬರ ಸಂತೋಷದ ಸುದ್ದಿ ಎಲ್ಲೆಡೆ ಹರಡುತ್ತದೆ. ಉಳಿದ ಐವರು ವಿಡಿಯೋ ಮಾಡುವುದಿಲ್ಲ.

ಇನ್ನು ಕರುಳಿನ ವಿಷಯ

ಇಲ್ಲಿ ವಿಜ್ಞಾನ ಹೆಚ್ಚು ಕುತೂಹಲಕರವಾಗಿದೆ, ಹಾಗೆಯೇ ಹೆಚ್ಚು ಅಪೂರ್ಣವಾಗಿದೆ. ನಮ್ಮ ದೊಡ್ಡ ಕರುಳಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳಿವೆ. ನಾವು ಜೀರ್ಣಿಸಲಾರದ ನಾರನ್ನು ಅವು ಹುದುಗಿಸಿ ಕರುಳಿನ ಒಳಪದರಕ್ಕೆ ಬೇಕಾದ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. 2012ರಲ್ಲಿ ಆಸ್ಟ್ರೇಲಿಯಾದ ಕೆಲ್ಟನ್ ಟ್ರೆಮೆಲೆನ್ ಮತ್ತು ಕರ್ಮಾ ಪಿಯರ್ಸ್ ಒಂದು ಊಹೆ ಮುಂದಿಟ್ಟರು. ಆಹಾರ ಕೆಟ್ಟು ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪಿದರೆ, ಕರುಳಿನ ಗೋಡೆಯ ಮೂಲಕ ಅವುಗಳ ಅಂಶಗಳು ರಕ್ತಕ್ಕೆ ಸೋರಿ, ಸಣ್ಣ ಉರಿಯೂತ ಉಂಟಾಗಿ, ಇನ್ಸುಲಿನ್ ಕೆಲಸ ಕೆಡುತ್ತದೆ, ಅಲ್ಲಿಂದ ಪಿಸಿಓಎಸ್‌ಗೆ ದಾರಿಯಾಗುತ್ತದೆ ಎಂದು. ಅದು ಪ್ರಕಟವಾದ ಪತ್ರಿಕೆಯ ಹೆಸರೇ ‘ಮೆಡಿಕಲ್ ಹೈಪಾಥಿಸಿಸ್’, ಅಂದರೆ ವೈದ್ಯಕೀಯ ಊಹೆಗಳು.

2019ರಲ್ಲಿ ಬೀಜಿಂಗ್‌ನ ವಿಜ್ಞಾನಿಗಳು ‘ನೇಚರ್ ಮೆಡಿಸಿನ್’ನಲ್ಲಿ ಇನ್ನೂ ಮುಂದಿನ ಹೆಜ್ಜೆ ಇಟ್ಟರು. ಪಿಸಿಓಎಸ್ ಇದ್ದ ಮಹಿಳೆಯರ ಕರುಳಿನಲ್ಲಿ ಬ್ಯಾಕ್ಟಿರಾಯ್ಡಿಸ್ ವಲ್ಗೇಟಸ್ ಎಂಬ ಬ್ಯಾಕ್ಟೀರಿಯಾ ಹೆಚ್ಚಿರುವುದು ಅವರಿಗೆ ಕಂಡಿತು. ಆ ಮಹಿಳೆಯರ ಮಲದ ಬ್ಯಾಕ್ಟೀರಿಯಾಗಳನ್ನು ಇಲಿಗಳಿಗೆ ಸೇರಿಸಿದಾಗ ಇಲಿಗಳ ಅಂಡಾಶಯದ ಕೆಲಸ ಏರುಪೇರಾಯಿತು, ಇನ್ಸುಲಿನ್ ತೊಂದರೆ ಕಾಣಿಸಿತು, ಮರಿಗಳು ಕಡಿಮೆಯಾದವು. ಸಣ್ಣ ಸಂಗತಿಯಲ್ಲ ಇದು.

ಆದರೂ ‘ಕರುಳೇ ಮೂಲ’ ಎಂದು ಷರಾ ಬರೆಯಲು ಇದು ಸಾಲದು. ಇಲಿಗೆ ಮಲದ ಬ್ಯಾಕ್ಟೀರಿಯಾ ಸೇರಿಸುವುದಕ್ಕೂ ಮಹಿಳೆಯೊಬ್ಬರಿಗೆ ಪ್ರೊಬಯೋಟಿಕ್ ಕ್ಯಾಪ್ಸೂಲ್ ಕೊಡುವುದಕ್ಕೂ ಬಹಳ ದೂರ. ಕರುಳಿನ ಬ್ಯಾಕ್ಟೀರಿಯಾಗಳು ತೂಕ, ಊಟ, ಊರು, ಔಷಧ ಎಲ್ಲದರಿಂದ ಬದಲಾಗುತ್ತವೆ. ಪಿಸಿಓಎಸ್‌ಗೆ ಸಾಮಾನ್ಯವಾಗಿ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯೇ ಕರುಳಿನ ಬ್ಯಾಕ್ಟೀರಿಯಾಗಳನ್ನು ಎದ್ದುಕಾಣುವಷ್ಟು ಬದಲಿಸುತ್ತದೆ. ಹೀಗಾಗಿ ಕರುಳು ಕೆಟ್ಟು ಪಿಸಿಓಎಸ್ ಬಂತೋ, ಪಿಸಿಓಎಸ್‌ನಿಂದ ಕರುಳು ಬದಲಾಯಿತೋ ಎಂದು ಬಿಡಿಸಿ ಹೇಳುವುದು ಕಷ್ಟ.

ಪ್ರೊಬಯೋಟಿಕ್‌ಗಳನ್ನು ಪಿಸಿಓಎಸ್ ಇದ್ದ ಮಹಿಳೆಯರಿಗೇ ಕೊಟ್ಟು ನೋಡಿದ ಪರೀಕ್ಷೆಗಳಿವೆ. ಹಲವು ಇರಾನಿನವು, ಸಣ್ಣವು, ಹೆಚ್ಚಾಗಿ 12 ವಾರಗಳವು. ಕೆಲವದರಲ್ಲಿ ಇನ್ಸುಲಿನ್, ಟ್ರೈಗ್ಲಿಸರೈಡ್ ಮಟ್ಟಗಳು ಸ್ವಲ್ಪ ಸುಧಾರಿಸಿವೆ. ಆದರೆ ಅವು ಅಳೆದದ್ದು ಮುಖ್ಯವಾಗಿ ರಕ್ತದ ಅಂಕಿಗಳನ್ನು. ಪ್ರೊಬಯೋಟಿಕ್ ಡಬ್ಬಿ ಮಾರುವವರು ‘ವೈಜ್ಞಾನಿಕವಾಗಿ ಸಾಬೀತಾಗಿದೆ’ ಎಂದಾಗ ನೀವು ಒಂದೇ ಪ್ರಶ್ನೆ ಕೇಳಿ: ಸಾಬೀತಾದದ್ದು ಏನು, ಇನ್ಸುಲಿನ್ ಇಳಿದದ್ದೋ ಅಥವಾ ಮಗು ಹುಟ್ಟಿದ್ದೋ?

ಮನೆಯ ಮೊಸರಿನ ಬಗ್ಗೆಯೂ ಹಲವರು ಕೇಳುತ್ತಾರೆ. ಅದರಲ್ಲಿ ಜೀವಂತ ಬ್ಯಾಕ್ಟೀರಿಯಾಗಳಿವೆ, ಒಳ್ಳೆಯ ಪ್ರೋಟೀನ್ ಇದೆ, ತಿನ್ನಿ. ಪಿಸಿಓಎಸ್ ಇದೆ ಎಂಬ ಒಂದೇ ಕಾರಣಕ್ಕೆ ಹಾಲು, ಮೊಸರು, ಗೋಧಿ ಎಲ್ಲವನ್ನೂ ಬಿಡಬೇಕು ಎಂಬ ಸಲಹೆಗೆ ಆಧಾರವಿಲ್ಲ. 2023ರ ಮಾರ್ಗಸೂಚಿ ಪಿಸಿಓಎಸ್‌ಗೆ ಇಂಥದ್ದೇ ಪಥ್ಯ ಬೇರೆಲ್ಲಕ್ಕಿಂತ ಮೇಲು ಎನ್ನುವುದಿಲ್ಲ. ಸಮತೋಲನದ, ಮುಂದುವರಿಸಿಕೊಂಡು ಹೋಗಬಲ್ಲ ಊಟ ಸಾಕು ಎನ್ನುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳಿಗೆ ಬೇಕಾದ ನಾರು ದುಬಾರಿ ಪುಡಿಗಳಲ್ಲೇ ಇರಬೇಕೆಂದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ ಸುಮಾರು 11 ಗ್ರಾಂ ನಾರು ಎಂದಿದೆ, ಪಾಲಿಶ್ ಮಾಡಿದ ಅಕ್ಕಿಗೆ 3 ಗ್ರಾಂಗಿಂತ ಕಡಿಮೆ. ಅವರೆಕಾಳು, ಹುರುಳಿ, ಹೆಸರುಕಾಳು, ಬಸಳೆ, ದಂಟಿನ ಸೊಪ್ಪು ನಮ್ಮ ಅಡುಗೆಯಲ್ಲಿ ಮೊದಲಿನಿಂದಲೂ ಇವೆ. ಆದರೆ ಮುದ್ದೆ ತಿಂದರೆ ಗರ್ಭ ನಿಲ್ಲುತ್ತದೆ ಎಂದು ನಾವು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಫಾರ್ವರ್ಡ್ ಮಾಡಬೇಡಿ.

‘ಗಟ್ ಕ್ಲೆನ್ಸ್’, ‘ಡಿಟಾಕ್ಸ್’ ಹೆಸರಿನ ಭೇದಿ ಔಷಧಗಳಿಂದ ಮಾತ್ರ ದೂರವಿರಿ. ಭೇದಿಯಾದರೆ ನೀರು, ಲವಣಗಳು ಹೋಗುತ್ತವೆ. ಇನ್ಸುಲಿನ್ ತೊಂದರೆ ಹೋಗುವುದಿಲ್ಲ.

ಸೂಜಿಯಿಂದ ಕರುಳು, ಕರುಳಿನಿಂದ ಅಂಡಾಶಯ?

ಆಕ್ಯುಪಂಕ್ಚರ್ ಕರುಳಿನ ಬ್ಯಾಕ್ಟೀರಿಯಾಗಳನ್ನು ಬದಲಿಸಿ ಪಿಸಿಓಎಸ್ ಸುಧಾರಿಸುತ್ತದೆ ಎನ್ನುವ ವಾದಕ್ಕೆ ಆಧಾರ ಹೆಚ್ಚಾಗಿ ಇಲಿಗಳ ಮೇಲಿನ ಪ್ರಯೋಗಗಳು. ಸರಪಳಿಯ ಕೊನೆಯ ಕೊಂಡಿ ಮಗು ಹುಟ್ಟುವುದು. ಅದನ್ನು ಮಹಿಳೆಯರಲ್ಲಿ ನೇರವಾಗಿ ಪರೀಕ್ಷಿಸಿದಾಗ ಸೂಜಿಯಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. ಕೊನೆಯಲ್ಲೇ ಫಲವಿಲ್ಲದಿದ್ದರೆ ನಡುವಿನ ಕೊಂಡಿಗಳು ಎಷ್ಟು ಸುಂದರವಾಗಿದ್ದರೂ ಗರ್ಭಕ್ಕಾಗಿ ಕಾಯುವವರಿಗೆ ಉಪಯೋಗವಿಲ್ಲ. ಹೊಟ್ಟೆಯ ಮಟ್ಟಿಗೆ ಇನ್ನೊಂದು ವಿಚಿತ್ರ ಸಂಗತಿ: ಚೀನಾದ ಅಧ್ಯಯನದಲ್ಲಿ ಭೇದಿ ಕಾಣಿಸಿಕೊಂಡದ್ದು ನಿಜವಾದ ಆಕ್ಯುಪಂಕ್ಚರ್ ಪಡೆದ 500ರಲ್ಲಿ 25 ಜನರಿಗೆ, ತೋರಿಕೆಯದನ್ನು ಪಡೆದ 500ರಲ್ಲಿ 8 ಜನರಿಗೆ. ಚರ್ಮ ಕಂದುಗಟ್ಟಿದ್ದೂ ಮೊದಲ ಗುಂಪಿನಲ್ಲೇ ಹೆಚ್ಚು.

ಆದರೂ ಮಾಡಿಸಿಕೊಳ್ಳಬೇಕೆಂದರೆ?

ಅರ್ಧ ಗಂಟೆ ಸುಮ್ಮನೆ ಮಲಗುವುದು, ಯಾರಾದರೂ ತಾಳ್ಮೆಯಿಂದ ನಮ್ಮ ಕಷ್ಟ ಕೇಳುವುದು. ಮಗುವಿಗಾಗಿ ಕಾಯುವ ದಿನಗಳಲ್ಲಿ ಇವೂ ಬೆಲೆಯುಳ್ಳವೇ. ಆ ಕಾರಣಕ್ಕೆ ಹೋಗುವವರನ್ನು ನಾವು ತಡೆಯುವುದಿಲ್ಲ. ಪ್ರತಿ ಬಾರಿ ನಿಮ್ಮೆದುರೇ ಹೊಸ ಪೊಟ್ಟಣ ಒಡೆದು ಒಮ್ಮೆ ಮಾತ್ರ ಬಳಸುವ ಸೂಜಿ ತೆಗೆಯಲಿ. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿದ್ದರೆ, ಗರ್ಭಿಣಿಯಾಗಿರುವ ಅನುಮಾನವಿದ್ದರೆ ಮೊದಲೇ ಹೇಳಿ. ಜೊತೆಗೆ ಹೆಸರಿಲ್ಲದ ಗಿಡಮೂಲಿಕೆ ಪುಡಿ ಕೊಟ್ಟರೆ ಬೇಡ ಎನ್ನಿ. ‘ಮೆಟ್‌ಫಾರ್ಮಿನ್ ನಿಲ್ಲಿಸಿ, ಡಾಕ್ಟರ ಮಾತ್ರೆ ಬಿಡಿ’ ಎಂದರೆ ಅಲ್ಲಿಂದ ಎದ್ದು ಬನ್ನಿ.

ನಿಜವಾದ ನಷ್ಟ ಸೂಜಿಯ ನೋವಿನದ್ದಲ್ಲ, ಕಳೆದುಹೋಗುವ ತಿಂಗಳುಗಳದ್ದು. ಒಂದು ಪ್ಯಾಕೇಜ್, ಆಮೇಲೆ ಇನ್ನೊಂದು ಎಂದು ವರ್ಷ ಸರಿಯುತ್ತದೆ. 34 ವರ್ಷದವರಿಗೆ ಆ ಒಂದು ವರ್ಷ ದೊಡ್ಡದು.

ಹಾಗಾದರೆ ಯಾವುದಕ್ಕೆ ಪುರಾವೆ ಇದೆ?

ಅಂಡಾಣು ಬಿಡುಗಡೆಗೆ ಇಂದು ಮೊದಲ ಆಯ್ಕೆಯಾಗಿರುವ ಔಷಧ ಲೆಟ್ರೋಜೋಲ್. ಅಮೆರಿಕದಲ್ಲಿ ಪಿಸಿಓಎಸ್ ಇದ್ದ 750 ಮಹಿಳೆಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲೆಟ್ರೋಜೋಲ್ ಪಡೆದವರಲ್ಲಿ ಶೇ 27.5, ಕ್ಲೋಮಿಫೀನ್ ಪಡೆದವರಲ್ಲಿ ಶೇ 19.1 ಮಹಿಳೆಯರಿಗೆ ಮಗು ಹುಟ್ಟಿತು.

ಈ ಮಾತ್ರೆಯ ಸುತ್ತಲೂ ಒಂದು ಭಯವಿದೆ. ಚೀಟಿಯಲ್ಲಿರುವ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರೆ ಸ್ತನ ಕ್ಯಾನ್ಸರ್ ಔಷಧ ಎಂದು ಬರುತ್ತದೆ, ಭಾರತದಲ್ಲಿ ನಿಷೇಧವಾಗಿತ್ತು ಎಂದೂ ಬರುತ್ತದೆ. ಎರಡೂ ನಿಜ. ಆದರೆ ಅರ್ಧ ನಿಜ. 2005ರಲ್ಲಿ ಕೆನಡಾದ ಒಂದು ಸಣ್ಣ ವರದಿ ಇದರಿಂದ ಶಿಶುಗಳಲ್ಲಿ ಜನ್ಮದೋಷ ಬರಬಹುದೆಂಬ ಸಂಶಯ ಎತ್ತಿತು. ಮರುವರ್ಷವೇ 911 ಶಿಶುಗಳ ಅಧ್ಯಯನದಲ್ಲಿ ಅಂತಹ ಹೆಚ್ಚಳ ಕಾಣಲಿಲ್ಲ. ಹಾಗಿದ್ದರೂ ಕೇಂದ್ರ ಸರ್ಕಾರ 2011ರಲ್ಲಿ ಬಂಜೆತನದ ಚಿಕಿತ್ಸೆಗೆ ಇದರ ಬಳಕೆಯನ್ನು ನಿಷೇಧಿಸಿತು. 2017ರಲ್ಲಿ ಆ ನಿಷೇಧ ತೆರವಾಯಿತು. ಅಂಡಾಣು ಬಿಡುಗಡೆಗಾಗಿ ಇದನ್ನು ಮುಟ್ಟಿನ ಆರಂಭದಲ್ಲಿ ಸಾಮಾನ್ಯವಾಗಿ ಐದು ದಿನ ಮಾತ್ರ ಕೊಡುತ್ತಾರೆ. ಸ್ವತಃ ಅಂಗಡಿಯಲ್ಲಿ ಕೊಂಡು ನುಂಗುವ ಮಾತ್ರೆಯಂತೂ ಇದಲ್ಲ. ಗರ್ಭಿಣಿ ಅಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ತೂಕ ಹೆಚ್ಚಿದ್ದವರಲ್ಲಿ ಶೇ 5ರಿಂದ 10ರಷ್ಟು ಇಳಿದರೂ ಕೆಲವರಿಗೆ ಮುಟ್ಟು ಹಳಿಗೆ ಬರುತ್ತದೆ. ಮೆಟ್‌ಫಾರ್ಮಿನ್ ಹೊಟ್ಟೆ ಕೆಡಿಸುತ್ತದೆ ಎಂಬ ದೂರು ನಿಜವೇ. ಊಟದ ಜೊತೆ ತೆಗೆದುಕೊಂಡು, ಕಡಿಮೆ ಪ್ರಮಾಣದಿಂದ ನಿಧಾನವಾಗಿ ಹೆಚ್ಚಿಸಿದರೆ ಹಲವರಿಗೆ ಒಗ್ಗುತ್ತದೆ. ಬಹುಕಾಲ ತೆಗೆದುಕೊಳ್ಳುವ ಸಸ್ಯಾಹಾರಿಗಳು ಬಿ12 ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಮುಟ್ಟು ಕ್ರಮವಾಗಿದ್ದವರು ಒಂದು ವರ್ಷ, 35 ದಾಟಿದವರು ಆರು ತಿಂಗಳು ಪ್ರಯತ್ನಿಸಿ ವೈದ್ಯರನ್ನು ಕಾಣಿ ಎಂಬುದು ಸಾಮಾನ್ಯ ಸಲಹೆ. ಎರಡು-ಮೂರು ತಿಂಗಳಿಗೊಮ್ಮೆ ಮುಟ್ಟಾಗುವವರು ಅಷ್ಟು ಕಾಯುವ ಅಗತ್ಯವಿಲ್ಲ. ಹೋಗುವಾಗ ಗಂಡನೂ ಜೊತೆಗೆ ಬರಲಿ. ಹೆಂಡತಿಗೆ ಪಿಸಿಓಎಸ್ ಇದೆ ಎಂದು ಗೊತ್ತಾದ ಕೂಡಲೇ ಅನೇಕ ಮನೆಗಳಲ್ಲಿ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ, ವೀರ್ಯ ಪರೀಕ್ಷೆಯನ್ನು ಯಾರೂ ಕೇಳುವುದಿಲ್ಲ. ಅದು ಸರಳ ಪರೀಕ್ಷೆ. ಸೂಜಿಯೂ ಬೇಕಿಲ್ಲ.